ಕೈ ಅಳತೆ

ವರಮಹಾಲಕ್ಷ್ಮಿ ಹಬ್ಬದ ಸಾರು ಈ ಸಲವೂ ಬಲು ರುಚಿಯಾಗಿತ್ತು. ಮಾಡಿದ ಅತ್ತೆ ಒಂದು ತೊಟ್ಟನ್ನೂ ನಾಲಿಗೆಗೆ ಸೋಕಿಸಿರಲಿಲ್ಲ. ನೈವೇದ್ಯ ಆಗುವ ತನಕ ಯಾರೂ ರುಚಿ ನೋಡುವ ಹಾಗಿಲ್ಲವಲ್ಲ. ಆದರೂ ಉಪ್ಪು, ಹುಳಿ, ಖಾರ ಮೂರೂ ಹದವಾಗಿ ಕೂತಿದ್ದವು.

ಈ ಬಾರಿ ಪಕ್ಕದಲ್ಲೇ ನಿಂತು ನೋಡಿದೆ. ಹುಣಸೆರಸದ ಹಸಿ ವಾಸನೆ ಹೋಗುವವರೆಗೂ ಕಾದರು. ಪುಡಿ ಹಾಕಿ, ಬೇಳೆಕಟ್ಟು ಬೆರೆಸಿ, ನೊರೆ ಅಂಚಿನಿಂದ ನಡುವಿಗೆ ಏರುತ್ತಿದ್ದ ಹಾಗೇ ಉರಿ ತಗ್ಗಿಸಿದರು. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಮೂಗಿನದು. ನೆಗಡಿಯಾದಾಗ ಊಟ ಸಪ್ಪೆ ಅನ್ನಿಸುವುದು ಅದಕ್ಕೇ. ಬೇಕೆಂದು ಮೂಸದಿದ್ದರೂ ಆವಿ ತಾನಾಗಿ ಮುಖಕ್ಕೆ ಬರುತ್ತದೆ, ಇಂಗು, ಕರಿಬೇವಿನ ಸುದ್ದಿ ಹೇಳುತ್ತದೆ. ಆದರೆ ಉಪ್ಪಿಗೆ ವಾಸನೆಯೇ ಇಲ್ಲ. ಅಲ್ಲಿ ಕೈಯನ್ನೇ ನಂಬಬೇಕು.

ಅತ್ತೆಯದು ಇವತ್ತಿಗೂ ಕಲ್ಲುಪ್ಪು. ಜಾಡಿಯಿಂದ ಬೆರಳ ತುಂಬ ಎತ್ತಿ, ಒಂದೆರಡು ಹರಳು ಹಿಂದಕ್ಕೆ ಉದುರಿಸಿ, ಉಳಿದದ್ದನ್ನು ಸಾರಿಗೆ ಹಾಕುತ್ತಾರೆ. ಪುಡಿ ಉಪ್ಪು ಕೊಟ್ಟರೆ ಅದೇ ಕೈಗೆ ಅಂದಾಜು ತಪ್ಪುತ್ತದೆ. ಹರಳುಗಳ ನಡುವೆ ಸಂದಿ ಇರುತ್ತದೆ, ಪುಡಿ ಒತ್ತಾಗಿ ಕೂರುತ್ತದೆ. ಅಷ್ಟೇ ಹಿಡಿಗೆ ಉಪ್ಪು ಜಾಸ್ತಿ.

ಹೋಳಿಗೆಯ ಹೂರಣಕ್ಕೂ ಒಂದು ಚಿಟಿಕೆ ಬಿತ್ತು. ಸಿಹಿಗೆ ಉಪ್ಪು ಯಾಕೆ ಎಂದು ಕೇಳಿದರೆ, ಹಾಕಬೇಕು ಅಷ್ಟೇ, ಅನ್ನುತ್ತಾರೆ. ಅಮೆರಿಕದ ಬ್ರೆಸ್ಲಿನ್ ಮತ್ತು ಬ್ಯೂಚಾಂಪ್ ಎಂಬ ವಿಜ್ಞಾನಿಗಳು 1997ರಲ್ಲಿ ಇದರ ಹತ್ತಿರದ ಒಂದು ಸಂಗತಿ ತೋರಿಸಿದರು: ಕಹಿಯೂ ಸಿಹಿಯೂ ಬೆರೆತ ನೀರಿಗೆ ಉಪ್ಪಿನ ಅಂಶ ಸೇರಿದರೆ ಕಹಿ ಅಡಗಿ ಸಿಹಿ ಮೇಲೇಳುತ್ತದೆ. ಬೆಲ್ಲದ ಒಳಗಿನ ಒಗರನ್ನು ಆ ಚಿಟಿಕೆ ಹೀಗೇ ಅಡಗಿಸುತ್ತದೋ ಏನೋ.

ಇಷ್ಟು ಪಳಗಿದ ಕೈಯಿದ್ದೂ ಎಲೆಯ ಎಡತುದಿಗೆ ಚೂರು ಉಪ್ಪು ಬಡಿಸುವುದನ್ನು ಅತ್ತೆ ಬಿಡುವುದಿಲ್ಲ. ಉಣ್ಣುವವರ ನಾಲಿಗೆ ಒಂದೇ ಥರ ಇರುವುದಿಲ್ಲ, ಅದು ಅವರಿಗೆ ಗೊತ್ತು. ಆಮೇಲೆ ಅನ್ನ ಬಡಿಸುತ್ತ ಹೋಗುವಾಗ ಒಬ್ಬೊಬ್ಬರ ಎಲೆಯ ತುದಿಯನ್ನೂ ಕಣ್ಣಲ್ಲೇ ನೋಡಿಕೊಳ್ಳುತ್ತಾರೆ, ಉಪ್ಪು ಯಾರು ಮುಟ್ಟಿದರು, ಯಾರು ಮುಟ್ಟಲಿಲ್ಲ ಅಂತ. ಮುಂದಿನ ಹಬ್ಬದ ಅಳತೆ ಅವರ ಕೈಗೆ ಸಿಗುವುದು ಅಲ್ಲಿಂದಲೇ ಇರಬೇಕು.