ವೀರಗಲ್ಲಿಲ್ಲದ ವೀರರು

(ಕುಂದಾಣದ ಧರ್ಮಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಈ ಕುಂದಾಣ ಒಂದು ಕಾಲಕ್ಕೆ ರಾಜಧಾನಿ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ರಾಮನಾಥನು ತಮಿಳು ಸೀಮೆಯನ್ನು ಪಾಂಡ್ಯರಿಗೆ ಕಳೆದುಕೊಂಡು ಇಲ್ಲಿ ಬಂದು ನೆಲೆನಿಂತನೆಂದು ಇತಿಹಾಸ ಬಲ್ಲವರು ಹೇಳುತ್ತಾರೆ. ರಾಜನಿದ್ದಲ್ಲಿ ಸೇನೆ, ಸೇನೆಯಿದ್ದಲ್ಲಿ ಯುದ್ಧ, ಯುದ್ಧವಾದಲ್ಲಿ ವೀರಗಲ್ಲು. ನಮ್ಮ ಸೀಮೆಯ ಊರೂರಿನಲ್ಲಿ ಅಂಥ ಕಲ್ಲುಗಳುಂಟು. ಕೆಳಗೆ ವೀರನ ಹೋರಾಟ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಅವನೊಡನೆ ಚಿತೆಯೇರಿದ ಮಡದಿಗೆ ಮಾಸ್ತಿಗಲ್ಲು. ಬಳೆ ತೊಟ್ಟು ಮೇಲೆತ್ತಿದ ತೋಳು.

ಆದರೆ ನಿಮ್ಮನ್ನು ಒಂದು ಮಾತು ಕೇಳುತ್ತೇವೆ. ಅದೇ ಯುದ್ಧದಲ್ಲಿ ಕಾಲು ಕಳೆದುಕೊಂಡು ತೆವಳುತ್ತ ಮನೆಗೆ ಬಂದವನ ಕಲ್ಲು ಎಲ್ಲಿ? ಸಾಯದೆ ಬದುಕಿ, ನಲವತ್ತು ವರ್ಷ ಅವನ ಗಾಯ ತೊಳೆದು, ಮಕ್ಕಳನ್ನು ಸಾಕಿದವಳ ಕಲ್ಲು ಎಲ್ಲಿ? ಯಾರೂ ಕೆತ್ತಲಿಲ್ಲ. ಸತ್ತವರನ್ನು ಪೂಜಿಸುವುದು ಸುಲಭ. ಗಾಯಗೊಂಡು ಬದುಕಿದವರೊಡನೆ ಬಾಳುವುದು ಕಷ್ಟ. ಆ ಕಷ್ಟದ ದಾಂಪತ್ಯದ ವಿಚಾರವನ್ನೇ ಇಂದು ನಿಮ್ಮ ಮುಂದಿಡಬೇಕೆಂದಿದ್ದೇವೆ.

1971ರ ಯುದ್ಧದಲ್ಲಿ ಸಿಲ್ಹೆಟ್ ಭಾಗದಲ್ಲಿ ಗೂರ್ಖಾ ಪಡೆಯ ಮೇಜರ್ ಇಯಾನ್ ಕಾರ್ಡೋಜೊ ನೆಲಬಾಂಬಿನ ಮೇಲೆ ಕಾಲಿಟ್ಟರು. ಜಜ್ಜಿಹೋದ ಕಾಲನ್ನು ತಮ್ಮ ಖುಕ್ರಿಯಿಂದಲೇ ಕತ್ತರಿಸಿಹಾಕಿದರು. ಅನಂತರ ಅವರಿಗೆ ಶಸ್ತ್ರಚಿಕಿತ್ಸೆ ಮಾಡಿದವರು ಸೆರೆಸಿಕ್ಕಿದ್ದ ಪಾಕಿಸ್ತಾನದ ಒಬ್ಬ ಸೇನಾವೈದ್ಯರು. ಮುಂದೆ ಕೃತಕ ಕಾಲಿನಲ್ಲಿ ಬೆಟ್ಟ ಹತ್ತಿ ತೋರಿಸಿ, ಪದಾತಿ ದಳದ ಬೆಟಾಲಿಯನ್ನಿನ ಮುಖ್ಯಸ್ಥರಾದ ಮೊದಲ ಅಂಗವಿಕಲ ಅಧಿಕಾರಿಯೆನಿಸಿ, ಮೇಜರ್ ಜನರಲ್ ಹುದ್ದೆಗೇರಿದರು. ಖುಕ್ರಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದು ಒಂದು ಕ್ಷಣದ ಧೈರ್ಯ. ಆದರೆ ಆ ಕ್ಷಣದ ಹಿಂದೆ ಎಷ್ಟೋ ಸಾವಿರ ಬೆಳಗುಗಳಿವೆ! ಎದ್ದು, ಮೋಟುಗಾಲನ್ನು ತೊಳೆದು ಒರೆಸಿ, ಕೃತಕ ಕಾಲು ಬಿಗಿದುಕೊಂಡು, ಹೊಸ್ತಿಲು ದಾಟುವ ಬೆಳಗುಗಳು. ಅವರಿಗೂ ಪತ್ನಿ ಪ್ರಿಸಿಲ್ಲಾ ಅವರಿಗೂ ಆ ಬೆಳಗುಗಳು ಬಂದವು. ಅವುಗಳ ಕಥೆ ಹೇಳುವವರು ಕಡಮೆ.

ನಮ್ಮ ಹುಬ್ಬಳ್ಳಿಯ ಕ್ಯಾಪ್ಟನ್ ನವೀನ್ ನಾಗಪ್ಪ 1999ರ ಜುಲೈನಲ್ಲಿ ಕಾರ್ಗಿಲ್ಲಿನ 4875ನೆಯ ಶಿಖರದಲ್ಲಿ ಶತ್ರುವಿನ ಕೈಬಾಂಬಿನಿಂದ ಕಾಲಿಗೆ ಗಾಯಗೊಂಡರು. ಆಸ್ಪತ್ರೆಯಲ್ಲಿ 21 ತಿಂಗಳು ಕಳೆಯಿತು. ಸಮವಸ್ತ್ರ ಬಿಡಬೇಕಾಯಿತು, ಕಾಯಕ ಬಿಡಲಿಲ್ಲ. ಸೇನೆಯ ಇಂಜಿನಿಯರಿಂಗ್ ಇಲಾಖೆಯಲ್ಲಿ ಇಂಜಿನಿಯರಾಗಿ ದೇಶಸೇವೆಗೆ ಮರಳಿದರು.

ಇವರು ಅಧಿಕಾರಿಗಳು. ಸಾಮಾನ್ಯ ಜವಾನ ಹಳ್ಳಿಗೆ ಮರಳಿದಾಗ ಆ ಮನೆಯಲ್ಲಿ ಏನು ನಡೆಯುತ್ತದೆ? ಮೊದಲು ಅವನು ಮಾತೇ ಆಡುವುದಿಲ್ಲ. ನಿಮ್ಮಲ್ಲಿ ರೇಷ್ಮೆ ಸಾಕುವವರು ಬಲ್ಲಿರಿ. ಹುಳುವಿಗೆ ಬಾಳಿನಲ್ಲಿ ನಾಲ್ಕು ಜ್ವರ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವುದಿಲ್ಲ, ಅದನ್ನು ಕದಲಿಸುವುದೂ ಇಲ್ಲ. ಹಳೆಯ ತೊಗಲು ಕಳಚಿ ಎದ್ದ ಮೇಲೆ ಸೊಪ್ಪು. ಗಾಯಗೊಂಡವನ ಮೌನವೂ ಅಂಥ ಜ್ವರವೇ. ಆಗ ಉಪದೇಶ ತುರುಕಬೇಡಿ, ಕಾದಿರಿ. ಆದರೆ ಎದ್ದ ಹುಳುವನ್ನು ಉಪವಾಸ ಕೆಡವುವುದೂ ತಪ್ಪು. ಎದ್ದವನಿಗೆ ಕೆಲಸ ಕೊಡಿ.

ಕತ್ತರಿಸಿಹೋದ ಪಾದ ನೋಯುತ್ತದೆಂದು ಅವನು ನಡುರಾತ್ರಿ ನರಳುತ್ತಾನೆ. ಇಲ್ಲದ ಪಾದ ನೋಯುವುದೆಂತು ಎಂದು ನಗಬೇಡಿ. ಅದು ನಿಜವಾದ ನೋವೆಂದು ವೈದ್ಯರೇ ಹೇಳುತ್ತಾರೆ. ದೀಪಾವಳಿಯ ಪಟಾಕಿಗೆ ಬೆಚ್ಚಿ ಮೂಲೆ ಸೇರುತ್ತಾನೆ. ಅದು ಹೇಡಿತನವಲ್ಲ, ಮನಸ್ಸಿಗೆ ಆದ ಗಾಯ. ಅದಕ್ಕೂ ಚಿಕಿತ್ಸೆಯುಂಟು, ವೈದ್ಯರಲ್ಲಿಗೆ ಕರೆದೊಯ್ಯಿರಿ.

ಇನ್ನು ಆ ಹೆಣ್ಣುಮಗಳು. ಸೊಸೆಯ ಕಾಲ್ಗುಣದಿಂದ ಮಗನ ಕಾಲು ಹೋಯಿತೆಂದು ಹಳಿಯುವ ನಾಲಿಗೆಗಳು ಇಂದಿಗೂ ಇವೆ. ನೆಲಬಾಂಬು ಹೂತವನು ಶತ್ರು, ಸೊಸೆಯಲ್ಲ! ಬೆನ್ನುಹುರಿಗೆ ಪೆಟ್ಟಾದವನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸದಿದ್ದರೆ ಮೈ ಹುಣ್ಣಾಗುತ್ತದೆ. ರಾತ್ರಿಯೂ ಅಷ್ಟೇ. ಹಾಗೆ ತಿರುಗಿಸುವವಳ ಬೆನ್ನು ನೋಯುವುದಿಲ್ಲವೆ? ಅತ್ತೆಯಾದವಳು, ನಾದಿನಿಯಾದವಳು ಒಂದು ರಾತ್ರಿಯ ಸರದಿ ತಾನು ಹೊರಲಿ. ಅದಕ್ಕಿಂತ ದೊಡ್ಡ ದಾಸೋಹವಿಲ್ಲ.

ಗಂಡನಾದವನಿಗೂ ಒಂದು ಮಾತು. ನೋವಿನ ಸಿಟ್ಟನ್ನು ಕ್ಯಾಂಟೀನಿನ ಬಾಟಲಿಯಲ್ಲಿ ಮುಳುಗಿಸಿ ಹೆಂಡತಿಯ ಮೇಲೆ ತೀರಿಸಬೇಡಪ್ಪ. ಸಂಸ್ಕೃತದಲ್ಲಿ ಪತ್ನಿಗೆ ಅರ್ಧಾಂಗಿಯೆಂದು ಹೆಸರು. ಅಂಗಭಂಗವಾದ ಮೇಲೆ ಆ ಪದದ ಅರ್ಥ ಮನಸ್ಸಿಗೆ ಇಳಿಯಬೇಕು: ಉಳಿದಿರುವ ಅರ್ಧವೇ ಅವಳು, ಅದನ್ನೂ ನೀನೇ ಗಾಯಗೊಳಿಸಿದರೆ ನಿನ್ನಲ್ಲಿ ಉಳಿಯುವುದೇನು? ಸೇವೆ ಮಾಡುವುದಕ್ಕಿಂತ ಸೇವೆ ಮಾಡಿಸಿಕೊಳ್ಳುವುದು ಕಠಿಣ ವ್ರತ. ಅಹಂಕಾರ ಇಳಿಯದೆ ಅದು ಸಾಧ್ಯವಿಲ್ಲ.

ತಾಯಿ, ನೀನೂ ಅವನನ್ನು ಮಗುವಿನಂತೆ ಕೂರಿಸಬೇಡ. ಆಯ್ದಕ್ಕಿ ಲಕ್ಕಮ್ಮನನ್ನು ನೆನೆ. ಅನುಭಾವದ ಮಾತು ಕೇಳುತ್ತ ಮೈಮರೆತ ಮಾರಯ್ಯನನ್ನು ಅವಳು ಮುದ್ದಿಸಲಿಲ್ಲ. ಕಾಯಕ ತಪ್ಪುತ್ತಿದೆಯೆಂದು ಎಚ್ಚರಿಸಿ ಎಬ್ಬಿಸಿ ಕಳಿಸಿದಳು. ಕರುಣೆಯಿಂದಲ್ಲ, ಸಮಾನತೆಯಿಂದ. ಕಾಲಿಲ್ಲದವನಿಗೆ ಕೈಯಿದೆ. ನೀನು ಹಿಪ್ಪುನೇರಳೆ ಸೊಪ್ಪು ತಂದರೆ, ಅವನು ಕುಳಿತಲ್ಲೇ ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡಬಲ್ಲ. ಗೂಡು ಇಬ್ಬರದೂ ಆಗುತ್ತದೆ.

ಊರಿನವರ ಪಾಲು ಏನು? ಆಗಸ್ಟ್ 15ಕ್ಕೆ ಹಾರ ಹಾಕಿ ಕಳಿಸಿದರೆ ತೀರುವ ಋಣವಲ್ಲ ಇದು. ಯುದ್ಧದಲ್ಲಿ ಗಾಯಗೊಂಡವರಿಗೆ ಪಿಂಚಣಿಯುಂಟು. ನಮ್ಮ ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯುಂಟು. ಪುಣೆಯಲ್ಲಿ 1944ರಲ್ಲಿ ಕೃತಕಾಂಗ ಕೇಂದ್ರ, ಅಲ್ಲೇ ಖಡಕಿಯಲ್ಲಿ 1974ರಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರ ಆರಂಭವಾದವು. ಓದು ಬಲ್ಲ ಹುಡುಗರು ಆ ದಂಪತಿಗಳ ಕಾಗದಪತ್ರ ಬರೆದುಕೊಡಲಿ, ಜೊತೆಗೆ ಹೋಗಿ ಬರಲಿ. ಗುಡಿಯ ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿ ಏರುವಂತೆ ಒಂದು ಇಳಿಜಾರು ಕಟ್ಟಿರಿ. ಜಾತ್ರೆಯ ಲೆಕ್ಕ ಬರೆಯಲು ಅವನನ್ನು ಕರೆಯಿರಿ. ಮದುವೆ ಮುಂಜಿಗೆ ಆ ತಾಯಿಯನ್ನು ಮರೆಯದೆ ಕರೆಯಿರಿ.

ಹಿಂದಿನವರು ಸತ್ತವರಿಗೆ ಕಲ್ಲು ನೆಟ್ಟರು. ಬದುಕಿ ಬಂದವರ ಮನೆಯ ಗೋಡೆ ಬೀಳದಂತೆ ಕಲ್ಲು ಹೊತ್ತು ನಿಲ್ಲುವ ಕೆಲಸ ನಿಮ್ಮದಾಗಲಿ. ಅಂಥ ದಂಪತಿಗಳಿಗೆ ಧೈರ್ಯವನ್ನೂ, ಊರಿಗೆ ಅವರನ್ನು ಕಾಣುವ ಕಣ್ಣನ್ನೂ ಪರಶಿವನು ಕರುಣಿಸಲೆಂದು ಹಾರೈಸುತ್ತೇವೆ. ಸರ್ವರಿಗೂ ಶುಭವಾಗಲಿ.