ಸಾಲದ ಲೆಕ್ಕ ಹಾಸಿಗೆಗೆ ತರಬೇಡಿ

(ತಲಘಟ್ಟಪುರದ ರೈತರ ಸಭೆಯಲ್ಲಿ ಆಡಿದ ಮಾತುಗಳು)



ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ನಮಗೆ ಮನೆಯೊಳಗೇ ಬರೋದಿಲ್ಲ. ಬೆಲೆ, ಬಡ್ಡಿ, ಜಪ್ತಿ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ಇದನ್ನು ಮಾತ್ರ ಬಾಯಿಬಿಟ್ಟು ಹೇಳೋದಿಲ್ಲ.

ನನ್ನದೇ ಹೇಳ್ತೀನಿ. ಒಂದು ವರ್ಷ ರೇಷ್ಮೆಗೂಡಿನ ಬೆಲೆ ಬಿದ್ದು ಸಾಲದ ಕಂತು ಕಟ್ಟಲಾಗಲಿಲ್ಲ. ನೋಟೀಸು ಬಂತು. ಅವತ್ತಿನಿಂದ ರಾತ್ರಿ ಎರಡು ಗಂಟೆಗೆ ಎಚ್ಚರ. ಮಲಗಿದಲ್ಲೇ ಅಸಲೆಷ್ಟು, ಬಡ್ಡಿಯೆಷ್ಟು ಅಂತ ಲೆಕ್ಕ. ಕತ್ತಲಲ್ಲಿ ಹಾಕಿದ ಆ ಲೆಕ್ಕ ಒಂದು ದಿನವೂ ಕೂಡಿಬರಲಿಲ್ಲ. ಬ್ರಾಂದಿ ಕುಡಿದೂ ನೋಡಿದೆ. ಬೇಗ ಕಣ್ಣು ಮುಚ್ಚಿತು, ನಡುರಾತ್ರಿ ಮತ್ತೆ ಎಚ್ಚರ. ಕೊನೆಗೆ ಡಾಕ್ಟರ ಹತ್ತಿರ ಹೋದೆ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗಾದರೆ ಅದು ಕಾಯಿಲೆ, ವಾಸಿಯಾಗುತ್ತೆ ಅಂದರು.

ಅವರು ಹೇಳಿದ್ದು, ನಾನು ಮಾಡಿ ನೋಡಿದ್ದು ಇಷ್ಟು. ನಿದ್ದೆ ತೂಗಿದಾಗ ಮಾತ್ರ ಹಾಸಿಗೆಗೆ ಹೋಗಿ. ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಕೂತು, ತೂಕಡಿಕೆ ಬಂದಾಗ ಮತ್ತೆ ಮಲಗಿ. ಹೊರಳಾಡುತ್ತಲೇ ಇದ್ದರೆ ಹಾಸಿಗೆ ಅಂದರೆ ಚಿಂತೆಯ ಜಾಗ ಅಂತ ಮೈ ಕಲಿತುಬಿಡುತ್ತೆ. ಗಡಿಯಾರ, ಫೋನು ನೋಡಬೇಡಿ. ರಾತ್ರಿ ಎಷ್ಟೇ ಕೆಟ್ಟಿರಲಿ, ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ. ಮಧ್ಯಾಹ್ನದ ಮೇಲೆ ಕಾಫಿ, ಟೀ ಬಿಡಿ. ಮೆಡಿಕಲ್ ಶಾಪಿನಿಂದ ನೀವೇ ನಿದ್ದೆ ಮಾತ್ರೆ ತರಬೇಡಿ. ಮುಖ್ಯವಾಗಿ, ಸಂಜೆ ಊಟಕ್ಕೆ ಮುಂಚೆ ಹೆಂಡತಿಯನ್ನೂ ಕೂರಿಸಿಕೊಂಡು ಸಾಲದ ಲೆಕ್ಕ ಬರೆಯಿರಿ, ನಾಳೆ ಮಾಡಬೇಕಾದ್ದು ಬರೆಯಿರಿ, ಪುಸ್ತಕ ಮುಚ್ಚಿ. ಮೊದಲ ವಾರ ಕಷ್ಟ. ಕೆಲವು ವಾರ ಬಿಡದೆ ಮಾಡಬೇಕು.

ಇಲ್ಲೇ ತಲಘಟ್ಟಪುರದಲ್ಲಿ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕಬೇಡಿ, ಅಲುಗಿಸಬೇಡಿ ಅಂತ ಹುಳು ಸಾಕುವವರಿಗೆಲ್ಲ ಗೊತ್ತು. ನಾಲ್ಕು ಜ್ವರ ಸರಿಯಾಗಿ ಕಳೆದರೇ ಗೂಡು. ಹುಳುವಿಗೆ ಕೊಡುವ ಮರ್ಯಾದೆ ನಮ್ಮ ಮೈಗೆ ಬೇಡವೇ?

ಆದರೆ ಎಲ್ಲವೂ ನಮ್ಮ ಕೈಯಲ್ಲಿಲ್ಲ. ಎಷ್ಟೋ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುತ್ತೆ. ನಡುರಾತ್ರಿ ಮೋಟಾರು ಹಾಕಲು ಹೋಗುವವನಿಗೆ ಹೊತ್ತಿಗೆ ಮಲಗು ಅಂದರೆ ಏನು ಪ್ರಯೋಜನ? ಹಗಲು ಕರೆಂಟು ಕೇಳುವುದು, ಖರ್ಚಿಗೆ ತಕ್ಕ ಬೆಲೆ ಕೇಳುವುದು ನಿದ್ದೆ ಕೇಳಿದಂತೆಯೇ. ಬೆಲೆ ಬಿದ್ದು ಆದ ಸಾಲಕ್ಕೆ ನೀವು ನಾಚಿಕೆ ಪಡಬೇಕಾಗಿಲ್ಲ.

ಬದುಕೇ ಸಾಕು ಅನ್ನಿಸಿದರೆ ಒಬ್ಬರೇ ಇರಬೇಡಿ, ಮನೆಯವರಿಗೆ ಹೇಳಿ. ಕ್ರಿಮಿನಾಶಕಕ್ಕೆ ಬೀಗ ಹಾಕಿ ಕೀಲಿ ಬೇರೆಯವರಿಗೆ ಕೊಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನು ಮಾಡಿ, ಕನ್ನಡದಲ್ಲೇ ಮಾತಾಡಿ, ಕಾಸಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.

ನೋಟೀಸು ಬಂದಿದ್ದರೆ ದಿಂಬಿನ ಕೆಳಗೆ ಇಡಬೇಡಿ. ಸಭೆಗೆ ತನ್ನಿ. ಹಗಲು ಬೆಳಕಲ್ಲಿ ಎಲ್ಲರೂ ಕೂತು ಓದೋಣ.