ಗಣಕಯಂತ್ರದ ಮಾವುತರು

(ಎರ್ನಾಕುಲಂನಲ್ಲಿ ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನವೆಂಬರ್ ಒಂದನೆಯ ತಾರೀಖು ನಮಗೆ ರಾಜ್ಯೋತ್ಸವ. ನಮ್ಮ ನೆರೆಮನೆಯವರಿಗೆ ಕೇರಳಪ್ಪಿರವಿ. ೧೯೫೬ರಲ್ಲಿ ಒಂದೇ ದಿನ ಹುಟ್ಟಿದ ಎರಡು ರಾಜ್ಯಗಳಿಗೂ ಸೇರಿದವರಾದ ನಮಗೆ ಈ ದಿನ ಎರಡು ಹಬ್ಬದ ಊಟ. ಇಂಥ ದಿನ ಪಂಪನ ವಿಷಯವನ್ನೋ ದಾಸರ ವಿಷಯವನ್ನೋ ಮಾತನಾಡುವುದು ವಾಡಿಕೆ. ನಮ್ಮ ಕಾರ್ಯದರ್ಶಿಗಳು ಮಾತ್ರ, "ಆ ಪೆಟ್ಟಿಗೆಯ ಕಥೆಯನ್ನು ಹೇಳಿಬಿಡಿ" ಎಂದು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಬಿ.ಕಾಂ. ಓದಿದ ಬ್ಯಾಂಕಿನ ಗುಮಾಸ್ತ, ಎಂಜಿನಿಯರನಲ್ಲ. ತಪ್ಪಿದ್ದಲ್ಲಿ ತಿಳಿದವರು ತಿದ್ದಬೇಕೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

೨೦೧೮ರ ಆಗಸ್ಟಿನ ಮಹಾಪೂರವನ್ನು ಇಲ್ಲಿ ಯಾರೂ ಮರೆತಿರಲಾರರು. ಪೆರಿಯಾರ್ ಉಕ್ಕಿ ಆಲುವಾಕ್ಕೆ ನುಗ್ಗಿದಾಗ ಸಂಘದ ಗಣಕಯಂತ್ರ ಅಲ್ಲಿಯ ಸದಸ್ಯರೊಬ್ಬರ ಮನೆಯಲ್ಲಿತ್ತು. ಯಾವುದೋ ಕಚೇರಿಯವರು ಹಳತಾಯಿತೆಂದು ಧರ್ಮಕ್ಕೆ ಕೊಟ್ಟಿದ್ದ ದೊಡ್ಡ ಪೆಟ್ಟಿಗೆ ಅದು. ಅದರೊಳಗೆ ಸದಸ್ಯರ ಪಟ್ಟಿ, ಚಂದಾ ಲೆಕ್ಕ, ಹಿಂದಿನ ಸಮಾರಂಭಗಳ ಭಾವಚಿತ್ರಗಳು ಇದ್ದುವು. ಎಲ್ಲಕ್ಕಿಂತ ಮಿಗಿಲಾಗಿ, ಈಗ ನಮ್ಮೊಡನಿಲ್ಲದ ನಾಲ್ಕಾರು ಅಜ್ಜಿಯರ ಬಾಯಿಂದ ಹಿಡಿದಿಟ್ಟ ಶೋಭಾನೆ ಹಾಡುಗಳಿದ್ದುವು. ಸಂಜೆ ಖಜಾಂಚಿಗಳು ಚಂದಾ ಲೆಕ್ಕವನ್ನು ಬರೆಯುತ್ತಿದ್ದಂತೆಯೇ ವಿದ್ಯುತ್ತು ಹೋಯಿತು. ಮನೆಯವರು ತಮ್ಮ ಸಾಮಾನಿಗಿಂತ ಮೊದಲು ಆ ಪೆಟ್ಟಿಗೆಯನ್ನು ಮಹಡಿಗೆ ಹೊತ್ತರು. ನೀರು ಅದನ್ನು ಮುಟ್ಟಲಿಲ್ಲ. ಆದರೆ ಎಷ್ಟೋ ದಿನಗಳ ಮೇಲೆ ವಿದ್ಯುತ್ತು ಬಂದು ಗುಂಡಿ ಒತ್ತಿದಾಗ ಸುಟ್ಟ ವಾಸನೆ ಹೊರಟು ಯಂತ್ರದ ಮುಖ್ಯ ಹಲಗೆಯೇ ಕರಕಾಯಿತು.

ಅದರ ಮೂರು ಡಿಸ್ಕುಗಳೂ, ಅವುಗಳನ್ನು ಆಳುವ ಕಂಟ್ರೋಲರ್ ಎಂಬ ಕಾರ್ಡೂ ಉಳಿದುವು. ಮೂರನ್ನೂ ಬಿಡಿಬಿಡಿಯಾಗಿ ಓದುವಂತಿಲ್ಲ. ಏಕೆಂದರೆ ಆ ಕಾರ್ಡು ಪ್ರತಿಯೊಂದು ಬರಹವನ್ನೂ ತುಂಡುಮಾಡಿ ಎರಡು ಡಿಸ್ಕುಗಳಲ್ಲಿ ಹಂಚಿ, ಮೂರನೆಯದರಲ್ಲಿ ಅವೆರಡರ ಮೊತ್ತದಂಥದೊಂದನ್ನು ಬರೆದಿಡುತ್ತದೆ. ಮೊತ್ತದ ಸರದಿಯೂ ಒಂದೇ ಡಿಸ್ಕಿಗಲ್ಲ, ಮೂರಕ್ಕೂ ಬರುತ್ತಿರುತ್ತದೆ. ಇದು ನಮ್ಮ ಲೆಕ್ಕದ ಬುದ್ಧಿಯೇ. ಎರಡು ಬಾಬುಗಳಲ್ಲಿ ಒಂದು ಅಳಿಸಿಹೋದರೂ, ಮೊತ್ತ ಉಳಿದಿದ್ದರೆ ಇನ್ನೊಂದನ್ನು ಕಳೆದು ತಿಳಿದುಕೊಳ್ಳಬಹುದಷ್ಟೆ. ಹಂಚಿದ ಕ್ರಮ ಮಾತ್ರ ಆ ಕಾರ್ಡಿಗೇ ಗೊತ್ತು. ಹೊಸ ಯಂತ್ರವೊಂದನ್ನು ಕೊಂಡು, ಕಾರ್ಡನ್ನು ಅದಕ್ಕೆ ಸಿಕ್ಕಿಸಿದೆವು. ಅದರ ಜೊತೆಗೆ ಬಂದಿದ್ದ, ದುಡ್ಡು ಕೊಟ್ಟು ಕೊಂಡ ಕಾರ್ಯಾಚರಣ ವ್ಯವಸ್ಥೆ, "ಇಲ್ಲಿ ಡಿಸ್ಕೇ ಇಲ್ಲ" ಎಂದಿತು. ಕಾರ್ಡಿನ ತಯಾರಕರು ಅದರ ಪೋಷಣೆಯನ್ನು ಎಂದೋ ನಿಲ್ಲಿಸಿದ್ದರು. ಹಳೆಯ ಗಿರಾಕಿಯನ್ನು ಕೌಂಟರಿನಿಂದ ಎಬ್ಬಿಸಿ ಕಳುಹಿಸಿದಂತೆ ನಮಗಾಯಿತು.

ಡಿಸ್ಕುಗಳು ಕಣ್ಣೆದುರಿಗಿದ್ದರೂ ಕಾಣದೆ ಹೋದದ್ದೇಕೆ? ಎರ್ನಾಕುಲತ್ತಪ್ಪನ ಉತ್ಸವದ ಆನೆಗಳನ್ನು ತಾವೆಲ್ಲ ನೋಡಿದ್ದೀರಿ. ಆನೆಗೆ ಬಲವುಂಟು, ಬುದ್ಧಿಯುಂಟು. ಆದರೆ ಅದು ಕೇಳುವುದು ತನ್ನ ಮಾವುತ ಕಲಿಸಿದ ಮಾತುಗಳನ್ನೇ. ಬೇರೆ ನಾಡಿನ ಆನೆಯನ್ನು ಇಲ್ಲಿಗೆ ತಂದರೆ ಅದಕ್ಕೆ ಮಲಯಾಳದ ಆಜ್ಞೆಗಳನ್ನು ಹೊಸದಾಗಿ ಕಲಿಸಬೇಕಾಗುತ್ತದೆ. ಕಂಟ್ರೋಲರುಗಳೂ ಹೀಗೆಯೇ. ಒಬ್ಬೊಬ್ಬ ತಯಾರಕನ ಕಾರ್ಡಿಗೆ ಒಂದೊಂದು ಮಾತು. ಆ ಮಾತನ್ನು ಬಲ್ಲ ಸಣ್ಣ ಕ್ರಮವಿಧಿಗೆ ಡ್ರೈವರ್ ಎಂದು ಹೆಸರು; ನಾನು ಅದನ್ನು ಮಾವುತ ಎನ್ನುತ್ತೇನೆ. ಮಾವುತನಿಲ್ಲದಿದ್ದರೆ ಆನೆ ಅಂಗಳದಲ್ಲಿ ಸುಮ್ಮನೆ ನಿಂತಿರುತ್ತದೆ.

ನಮ್ಮನ್ನು ಕಾಪಾಡಿದ್ದು ಲಿನಕ್ಸ್. ೧೯೯೧ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ಕರ್ನಲ್, ಎಂದರೆ ವ್ಯವಸ್ಥೆಯ ತಿರುಳು, ಅದು. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹಂಚುವಾಗ ಮುಂದಿನವನಿಗೂ ಅದೇ ಸ್ವಾತಂತ್ರ್ಯವನ್ನು ಕೊಡತಕ್ಕದ್ದು. ಇದು ನಮ್ಮ ಈ ನಾಡಿಗೆ ಹೊಸದಲ್ಲ. ಭಾರತದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ೨೦೦೧ರಲ್ಲಿ ಉದ್ಘಾಟನೆಯಾದದ್ದು ತಿರುವನಂತಪುರದಲ್ಲಿಯೇ. ಕೇರಳದ ಸರ್ಕಾರಿ ಶಾಲೆಗಳ ಗಣಕಯಂತ್ರಗಳು ನಡೆಯುವುದು ಲಿನಕ್ಸಿನ ಮೇಲೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ನಮ್ಮ ಸದಸ್ಯರೊಬ್ಬರ ಮಗ, ಎಂಜಿನಿಯರಿಂಗ್ ಓದುವ ಹುಡುಗ, ಅದನ್ನು ಒಂದು ಸಣ್ಣ ಕಡ್ಡಿಯಲ್ಲಿ ತಂದು ಸಿಕ್ಕಿಸಿದ. ಎರಡು ನಿಮಿಷದಲ್ಲಿ ಡಿಸ್ಕುಗಳು ಕಾಣಿಸಿಕೊಂಡುವು. ಮೂರರಲ್ಲಿ ಒಂದು ಸತ್ತಿತ್ತು. ಉಳಿದೆರಡರಿಂದ ಲೆಕ್ಕ ಹಾಕಿ ಕಾರ್ಡು ಮೂರನೆಯದನ್ನು ಹೇಳುತ್ತಿತ್ತು. ಅಜ್ಜಿಯರು ಹಾಡಿದರು. ಆ ಕೋಣೆಯಲ್ಲಿದ್ದವರು ಕಣ್ಣೊರೆಸಿಕೊಂಡದ್ದನ್ನು ಹೇಳಲು ನನಗೆ ಸಂಕೋಚವಿಲ್ಲ. ಅವರಲ್ಲಿ ನಾನೂ ಒಬ್ಬ.

ತಯಾರಕನೇ ಕೈಬಿಟ್ಟ ಕಾರ್ಡಿನ ಮಾತನ್ನು ಇಷ್ಟು ವರ್ಷ ನೆನಪಿಟ್ಟವರಾರು? ಆ ಕುತೂಹಲದಿಂದ ಓದುತ್ತ ಹೋದೆ. ಲಿನಕ್ಸಿನ ಮೂಲಬರಹದೊಳಗೆ ಪಾಲಕರ ಪಟ್ಟಿ ಎಂಬುದೊಂದು ಕಡತವಿದೆ. ಪ್ರತಿಯೊಂದು ಡ್ರೈವರಿನ ಎದುರಿಗೂ ನೋಡಿಕೊಳ್ಳುವವರ ಹೆಸರು, ಸ್ಥಿತಿ. ಸಂಬಳ ಪಡೆದು ನೋಡಿಕೊಳ್ಳುವವರಿದ್ದರೆ ಒಂದು ಮಾತು. ಇದ್ದೂ ಬಿಡುವಿಲ್ಲದವರಾದರೆ ಇನ್ನೊಂದು. ಯಾರೂ ಇಲ್ಲದಿದ್ದರೆ 'ಅನಾಥ' ಎಂದೇ ಬರೆದಿರುತ್ತದೆ. ಸರ್ಕಾರಿ ದಫ್ತರಗಳಲ್ಲಿ ಇಷ್ಟು ಪ್ರಾಮಾಣಿಕವಾದ ಷರಾವನ್ನು ನಾನು ಕಂಡಿಲ್ಲ.

ಲಿಯೊನಾರ್ಡ್ ಜುಬ್ಕಾಫ್ ಎಂಬವರು ಬಸ್‌ಲಾಜಿಕ್ ಕಾರ್ಡುಗಳಿಗೂ, ಮೈಲೆಕ್ಸ್ ಕಂಪೆನಿಯ ಡಿಎಸಿ-೯೬೦ ಎಂಬ ಕಾರ್ಡುಗಳಿಗೂ ಡ್ರೈವರುಗಳನ್ನು ಬರೆದು ಸಾಕಿದವರು. ೨೦೦೨ರ ಆಗಸ್ಟಿನಲ್ಲಿ ಅಲಾಸ್ಕಾದಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ಅವರು ತೀರಿಕೊಂಡರು. ಮಾವುತ ಹೋದ, ಆನೆಗಳು ಉಳಿದುವು. ಬರಹವು ಬಯಲಿನಲ್ಲಿದ್ದುದರಿಂದ ಬೇರೆಯವರು ಅದನ್ನು ಓದಿ ಆ ಮಾತನ್ನು ಕಲಿತರು. ಬಸ್‌ಲಾಜಿಕ್ ಡ್ರೈವರನ್ನು ಖಾಲಿದ್ ಅಜೀಜ್ ಎಂಬವರು ವಹಿಸಿಕೊಂಡು ೨೦೧೩ರಲ್ಲಿ ೬೪ ಬಿಟ್ಟಿನ ಯಂತ್ರಗಳಿಗೆ ಒಗ್ಗಿಸಿದರು. ಇಷ್ಟು ಹಳೆಯ ಕಾರ್ಡು ಆ ವೇಳೆಗೆ ಯಾರಲ್ಲಿತ್ತು ಎಂದು ಕೇಳುವಿರಿ. ವಿಎಂವೇರ್ ಎಂಬ ಕಂಪೆನಿಯ ಕಾಲ್ಪನಿಕ ಯಂತ್ರಗಳು ಆ ಕಾರ್ಡಿನ ವೇಷವನ್ನು ಹಾಕುತ್ತಿದ್ದುವು. ಆನೆ ಸತ್ತಿದ್ದರೂ ಯಕ್ಷಗಾನದಲ್ಲಿ ಆನೆಯ ವೇಷ ನಡೆದಿತ್ತು, ಅದಕ್ಕೂ ಮಾವುತ ಬೇಕಾಯಿತು. ಡಿಎಸಿ-೯೬೦ರ ಡ್ರೈವರನ್ನು ಹಾನ್ನೆಸ್ ರೈನೆಕೆ ಎಂಬವರು ೨೦೧೮ರಲ್ಲಿ, ನಮ್ಮ ಪ್ರವಾಹದ ವರ್ಷವೇ, ಎರಡಾಗಿ ಹೊಸದಾಗಿ ಬರೆದರು.

ಹೊಸದಾಗಿ ಬರೆಯುವ ಅಗತ್ಯವೇನಿತ್ತು? ಕಾರ್ಡು ಬದಲಾಗದಿದ್ದರೂ ತಿರುಳಿನೊಳಗಿನ ದಾರಿಗಳು ಬದಲಾಗುತ್ತಿರುತ್ತವೆ. ಹಿಂದೆ ಡಿಸ್ಕಿಗೆ ಹೋಗುವ ಆಜ್ಞೆಗಳೆಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದುವು. ಬ್ಯಾಂಕಿನಲ್ಲಿ ಒಂದೇ ಕೌಂಟರಿದ್ದಂತೆ. ೨೦೧೪ರ ಸುಮಾರಿಗೆ ಹಲವು ಸಾಲುಗಳ ಪದ್ಧತಿ ಬಂದಿತು. ೨೦೧೯ರಲ್ಲಿ ಹಳೆಯ ಒಂದು ಸಾಲಿನ ದಾರಿಯನ್ನೇ ಮುಚ್ಚಿದರು. ಆ ವೇಳೆಗೆ ಎಲ್ಲ ಡ್ರೈವರುಗಳನ್ನೂ ಹೊಸ ದಾರಿಗೆ ತಿರುಗಿಸಬೇಕು, ಇಲ್ಲವೇ ಕಿತ್ತುಹಾಕಬೇಕು. ಒಳದಾರಿಯನ್ನು ಬದಲಾಯಿಸುವವನೇ ಅದನ್ನು ಬಳಸುವ ಡ್ರೈವರುಗಳನ್ನೂ ತಿದ್ದಿಕೊಡಬೇಕೆಂಬುದು ಅಲ್ಲಿಯ ಮರ್ಯಾದೆ. ಆದರೆ ಕಾರ್ಡೇ ಕೈಯಲ್ಲಿ ಇಲ್ಲದೆ ತಿದ್ದಿದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸುವುದು ಹೇಗೆ? ಈ ಕೆಲಸದ ನಿಜವಾದ ಕಷ್ಟ ಇಲ್ಲಿದೆ. ಹೊರಗಿನಿಂದ ನೋಡುವವನಿಗೆ ಇದರಲ್ಲಿ ಏನೂ ನಡೆಯುವುದಿಲ್ಲ. ಏನೂ ನಡೆಯದಂತೆ ನೋಡಿಕೊಳ್ಳುವುದೇ ಕೆಲಸ.

ಕಾಗದಪತ್ರದ ಶಿಸ್ತು ನನ್ನಂಥ ಗುಮಾಸ್ತನಿಗೆ ಬಹಳ ಹಿಡಿಸಿತು. ತಿದ್ದುಪಡಿಯನ್ನು ಮಿಂಚಂಚೆಯಲ್ಲಿ ಎಲ್ಲರೂ ನೋಡುವಂತೆ ಕಳುಹಿಸಬೇಕು. ಬರೆದವನು ತನ್ನ ಹೆಸರಿನಿಂದ ರುಜು ಹಾಕಬೇಕು. ಪರಿಶೀಲಿಸಿದವನು, ಪರೀಕ್ಷಿಸಿದವನು ತಮ್ಮ ತಮ್ಮ ಹೆಸರನ್ನು ಸೇರಿಸಬೇಕು. ಡಿಸ್ಕಿನ ವಿಭಾಗದ ತಿದ್ದುಪಡಿಗಳು ಜೇಮ್ಸ್ ಬಾಟಮ್ಲಿ, ಮಾರ್ಟಿನ್ ಪೀಟರ್ಸನ್ ಎಂಬ ಹಿರಿಯ ಪಾಲಕರ ಕೈದಾಟಿ ಟೊರ್ವಾಲ್ಡ್ಸರಿಗೆ ಹೋಗುವುದು ರೂಢಿ. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ. ನಮ್ಮಲ್ಲಿ ವೋಚರಿಗೆ ಎರಡು ರುಜು ಬೀಳದೆ ಹಣ ಹೊರಡುವುದಿಲ್ಲವಲ್ಲ, ಹಾಗೆ.

ಡ್ರೈವರು ಮಾಡುವ ಕೆಲಸವೂ ನಮ್ಮ ಕೆಲಸದಂತೆಯೇ. ಡಿಸ್ಕಿಗೆ ಆಜ್ಞೆ ಹೋಗಿ, ಸಾಮಾನ್ಯವಾಗಿ ಮೂವತ್ತು ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ, ಮೊದಲು ಆ ಒಂದು ಆಜ್ಞೆಯನ್ನು ರದ್ದುಮಾಡಿ ನೋಡುತ್ತಾರೆ. ಆಗದಿದ್ದರೆ ಡಿಸ್ಕನ್ನು, ಆಮೇಲೆ ಇಡೀ ಸಾಲನ್ನು, ಕಡೆಗೆ ಕಾರ್ಡನ್ನೇ ಎಬ್ಬಿಸಿ ನೋಡುತ್ತಾರೆ. ಗುಮಾಸ್ತ, ಅಧಿಕಾರಿ, ಮ್ಯಾನೇಜರ್ ಎಂದು ಮೆಟ್ಟಿಲು ಹತ್ತಿದಂತೆ. ಯಾವುದಕ್ಕೂ ಏಳದಿದ್ದರೆ ಖಾತೆ ಬಂದ್. ಇನ್ನೊಂದು ಸೂಕ್ಷ್ಮವಿದೆ. ಬೇಗ ಉತ್ತರ ಹೇಳುವ ಆಸೆಯಿಂದ ಕಾರ್ಡು, ಬರಹವು ಇನ್ನೂ ತನ್ನ ತಾತ್ಕಾಲಿಕ ನೆನಪಿನಲ್ಲಿರುವಾಗಲೇ "ಬರೆದಾಯಿತು" ಎಂದುಬಿಡುತ್ತದೆ. ಹಣವನ್ನು ಪೆಟ್ಟಿಗೆಗೆ ಹಾಕುವ ಮೊದಲೇ ಕ್ಯಾಷಿಯರು 'ಸಂದಿತು' ಎಂದು ಮೊಹರು ಒತ್ತಿದ ಹಾಗೆ. ವಿದ್ಯುತ್ತು ಹೋದರೂ ಆ ನೆನಪು ಉಳಿಯಲೆಂದು ಕಾರ್ಡಿಗೆ ಒಂದು ಬ್ಯಾಟರಿ ಇಟ್ಟಿರುತ್ತಾರೆ. ಅದು ಸತ್ತಿದ್ದರೆ ಮೊಹರು ಸುಳ್ಳಾಗುತ್ತದೆ.

ಕಂಪೆನಿಗಳ ವಂಶಾವಳಿಯನ್ನೂ ಒಂದಿಷ್ಟು ಹೇಳಬೇಕು. ಬಸ್‌ಲಾಜಿಕ್ ಮೈಲೆಕ್ಸಿಗೆ ಸೇರಿತು. ಮೈಲೆಕ್ಸ್ ೧೯೯೯ರಲ್ಲಿ ಐಬಿಎಂಗೆ, ೨೦೦೨ರಲ್ಲಿ ಎಲ್‌ಎಸ್‌ಐಗೆ ಹೋಯಿತು. ಅಮೆರಿಕನ್ ಮೆಗಾಟ್ರೆಂಡ್ಸಿನ ಮೆಗಾರೇಡ್ ಎಂಬ ಕಾರ್ಡುಗಳೂ ೨೦೦೧ರಲ್ಲಿ ಅದೇ ಎಲ್‌ಎಸ್‌ಐ ಮಡಿಲಿಗೆ ಬಿದ್ದಿದ್ದುವು. ಎಲ್‌ಎಸ್‌ಐಯನ್ನು ೨೦೧೪ರಲ್ಲಿ ಅವಾಗೊ ಕೊಂಡಿತು. ಅವಾಗೊ ೨೦೧೬ರಲ್ಲಿ ಬ್ರಾಡ್‌ಕಾಮನ್ನು ಕೊಂಡು ಅದರ ಹೆಸರನ್ನೇ ಇಟ್ಟುಕೊಂಡಿತು. ೨೦೨೩ರಲ್ಲಿ ಆ ವೇಷಧಾರಿ ವಿಎಂವೇರೂ ಅಲ್ಲಿಗೇ ಬಂದು ಸೇರಿದ್ದು ತಮಾಷೆ. ಇದನ್ನು ಓದುವಾಗ ನನಗೆ ನಮ್ಮ ಕರಾವಳಿಯ ಬ್ಯಾಂಕುಗಳ ನೆನಪಾಯಿತು. ೨೦೧೯ರಲ್ಲಿ ವಿಜಯಾ ಬ್ಯಾಂಕು ಬರೋಡಾಕ್ಕೆ, ೨೦೨೦ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ನಿಗೆ. ಬೋರ್ಡು ಇಳಿಯಿತು, ಆದರೆ ಮುದುಕಿಯೊಬ್ಬಳ ಹಳೆಯ ಪಾಸ್‌ಬುಕ್ಕಿನ ಬಾಕಿ ಒಂದು ಪೈಸೆಯೂ ತಪ್ಪದೆ ಹೊಸ ಲೆಡ್ಜರಿಗೆ ಬರಲೇಬೇಕಾಗಿತ್ತು. ಕಂಪೆನಿಗಳ ವಿಲೀನದಲ್ಲಿ ಹಳೆಯ ಕಾರ್ಡುಗಳಿಗೆ ಈ ಕೆಲಸವನ್ನು ಮಾಡಿದವರು ಡ್ರೈವರುಗಳ ಪಾಲಕರು. ಈ ಕಾರ್ಡುಗಳ ಡ್ರೈವರುಗಳಲ್ಲಿ ಬೆಂಗಳೂರಿನಲ್ಲಿ ಕುಳಿತು ದುಡಿಯುವ ಎಂಜಿನಿಯರುಗಳ ಕೈ ಸಾಕಷ್ಟಿದೆ ಎಂದು ತಿಳಿದಾಗ ನನಗೆ ಹೆಮ್ಮೆಯಾಯಿತು. ಅವರ ಮನೆಯವರಿಗಾದರೂ ಇದು ಗೊತ್ತಿದೆಯೋ ಇಲ್ಲವೋ!

ಹಳೆಯದೆಲ್ಲವನ್ನೂ ಉಳಿಸುತ್ತಾರೆಂದು ತಿಳಿಯಬೇಡಿ. ಯಾರೂ ಬಳಸುತ್ತಿಲ್ಲವೆಂದು ತೋರಿದ ಡ್ರೈವರನ್ನು ಕಿತ್ತುಹಾಕುವ ಸೂಚನೆ ಬರುತ್ತದೆ. ೨೦೨೧ರಲ್ಲಿ ಐಡಿಇ ಎಂಬ ಹಳೆಯ ಕಟ್ಟನ್ನು ಇಡಿಯಾಗಿ ತೆಗೆದರು. ಅದರ ಬದಲಿಗೆ ಬಂದ ಹೊಸ ಕಟ್ಟು ಹದಿನೆಂಟು ವರ್ಷಗಳಿಂದ ಬಳಕೆಯಲ್ಲಿದ್ದುದರಿಂದ ಅಷ್ಟು ನೋವಾಗಲಿಲ್ಲ. ಸೂಚನೆ ಬಂದಾಗ ಎಲ್ಲಿಂದಲೋ ಒಬ್ಬನು "ನಾನು ಬಳಸುತ್ತಿದ್ದೇನೆ, ಪರೀಕ್ಷಿಸಿಯೂ ಕೊಡುತ್ತೇನೆ" ಎಂದು ಬರೆದರೆ ಎಷ್ಟೋ ವೇಳೆ ಅದು ಉಳಿಯುತ್ತದೆ. ಜನಗಣತಿಯವನು ಬಂದಾಗ ಮಾತೃಭಾಷೆಯ ಅಂಕಣದಲ್ಲಿ ಏನು ಬರೆಸುತ್ತೀರಿ ಎಂದು ನಮ್ಮ ಸಂಘದವರು ಮನೆಮನೆಗೆ ಹೋಗಿ ಕೇಳುವುದುಂಟಲ್ಲ! ನಮ್ಮ ಹುಡುಗನೂ ಕಾರ್ಡಿನ ಹೆಸರು, ಆವೃತ್ತಿಯ ಸಂಖ್ಯೆ ಎಲ್ಲವನ್ನೂ ಕೊಟ್ಟು, ಇಂಥ ಕಾರ್ಡು ಕೊಚ್ಚಿಯಲ್ಲಿ ಇನ್ನೂ ಜೀವಂತವಾಗಿದೆ ಎಂದು ಒಂದು ಕಾಗದ ಬರೆದ.

ಹಾಡುಗಳನ್ನೂ ಚಿತ್ರಗಳನ್ನೂ ಹೊಸ ಡಿಸ್ಕಿಗೆ ಇಳಿಸಿ, ಇನ್ನೊಂದು ಪ್ರತಿಯನ್ನು ತಿರುವನಂತಪುರದ ಸ್ನೇಹಿತರ ಮನೆಯಲ್ಲಿ ಇಟ್ಟಿದ್ದೇವೆ. ಒಂದು ಮಾತ್ರ ಸಿಕ್ಕಲಿಲ್ಲ. ವಿದ್ಯುತ್ತು ಹೋದ ಸಂಜೆ ಖಜಾಂಚಿಗಳು ಬರೆದಿದ್ದ ಚಂದಾ ಲೆಕ್ಕ. "ಉಳಿಸಿದೆ ಎಂದು ಪರದೆಯ ಮೇಲೆ ತೋರಿಸಿತ್ತು" ಎಂದು ಅವರು ಇಂದಿಗೂ ಪ್ರಮಾಣ ಮಾಡುತ್ತಾರೆ, ನಾನು ನಂಬುತ್ತೇನೆ. ಕಾರ್ಡನ್ನು ಬಿಚ್ಚಿ ನೋಡಿದಾಗ ಅದರ ಬ್ಯಾಟರಿ ಊದಿಕೊಂಡು ಸತ್ತು ಎಷ್ಟೋ ಕಾಲವಾಗಿತ್ತು. ಆ ಸಂಜೆಯ ಹದಿನಾಲ್ಕು ಬಾಬುಗಳನ್ನು ರಸೀತಿ ಪುಸ್ತಕದ ಕಾರ್ಬನ್ ಪ್ರತಿಯನ್ನು ನೋಡಿ ನಾನೂ ಅವರೂ ಕುಳಿತು ಮತ್ತೆ ಬರೆದೆವು.